ಯುವಕರ ನಿದ್ದೆ ಹೊತ್ತು ಮೀರುವುದೇಕೆ? ತಿದ್ದುವುದು ಹೇಗೆ?



ಕಳೆದ ಮುಂಗಾರಿನಲ್ಲಿ ಒಂದು ಹಳ್ಳಿಯಲ್ಲಿ ರಾಗಿಯ ಬೀಜೋಪಚಾರದ ವಿಷಯ ಹೇಳಿ ಮುಗಿಸಿದಾಗ ಹಿರಿಯ ರೈತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. “ಸ್ವಾಮಿ, ಬೆಳೆಯ ರೋಗಕ್ಕೆಲ್ಲ ಔಷಧ ಹೇಳ್ತೀರಿ. ನನ್ನ ಮಗನ ಸೋಮಾರಿತನಕ್ಕೂ ಒಂದು ಔಷಧ ಹೇಳಿ” ಎಂದರು. ಮಗನಿಗೆ 17 ವರ್ಷ. ರಾತ್ರಿ 2 ಗಂಟೆಯಾದರೂ ಅವನಿಗೆ ನಿದ್ದೆ ಹತ್ತುವುದಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ಎಬ್ಬಿಸಿದರೆ ಏಳುವುದಿಲ್ಲ. ಬೈದದ್ದಾಯಿತು, ಮುಖಕ್ಕೆ ನೀರು ಎರಚಿದ್ದಾಯಿತು, ಒಂದು ದಿನ ಕೈಯನ್ನೂ ಮಾಡಿದ್ದಾಯಿತು. ಬಸ್ಸು ತಪ್ಪಿ ತಪ್ಪಿ ಕಾಲೇಜಿನಲ್ಲಿ ಹಾಜರಿ ಸಾಲದೆ ಬಂದಿತ್ತು. ಓದು ಬಿಡಿಸಿಬಿಡೋಣವೆಂದು ಅವರು ಯೋಚಿಸುತ್ತಿದ್ದರು.

ಆ ಮಾತು ನನ್ನ ಮನಸ್ಸಿಗೆ ತಾಗಿತು. ಹತ್ತು ವರ್ಷದ ಹಿಂದೆ ಕೃಷಿ ಡಿಪ್ಲೊಮಾ ಓದುವಾಗ ನಾನೂ ಆ ಹುಡುಗನಂತೆಯೇ ಇದ್ದೆ. ಬೆಳಿಗ್ಗೆ 7 ಗಂಟೆಗೆ ತಾಕಿನಲ್ಲಿ ನಡೆಯುತ್ತಿದ್ದ ಪಾಠಗಳನ್ನು ಎಷ್ಟೋ ದಿನ ತಪ್ಪಿಸಿಕೊಂಡೆ. ಒಂದು ಬೆಳಿಗ್ಗೆ ಬೈಕಿನ ಮೇಲೆಯೇ ತೂಕಡಿಸಿ ರಸ್ತೆಯ ಬದಿಯ ಹಳ್ಳಕ್ಕೆ ಬಿದ್ದೆ. ಮೊಣಕೈಯ ಗಾಯದ ಗುರುತು ಇಂದಿಗೂ ಇದೆ. ಆದರೆ ಗಾಯಕ್ಕಿಂತ ಹೆಚ್ಚು ನೋಯಿಸಿದ್ದು ‘ಸೋಮಾರಿ’ ಎಂಬ ಮಾತು.

ದೇಹದ ಗಡಿಯಾರ

ರಾತ್ರಿಯಾದರೆ ಹುಣಸೆಯ ಎಲೆ ಮಡಚಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. 1729ರಲ್ಲಿ ಫ್ರಾನ್ಸಿನ ವಿಜ್ಞಾನಿ ದೆ ಮೆರಾಂ ಎಂಬುವರು, ಹಗಲು ಎಲೆ ಬಿಚ್ಚಿ ರಾತ್ರಿ ಮಡಚುವ ಗಿಡವೊಂದನ್ನು ಕತ್ತಲೆಯಲ್ಲಿಯೇ ಇಟ್ಟು ನೋಡಿದರು. ಬೆಳಕಿಲ್ಲದಿದ್ದರೂ ಅದು ತನ್ನ ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚಿತು. ಅಂದರೆ ಗಿಡದ ಒಳಗೇ ಒಂದು ಗಡಿಯಾರವಿದೆ. ಜೀವಿಗಳಲ್ಲಿರುವ ಇಂಥ ಗಡಿಯಾರ ಹೇಗೆ ನಡೆಯುತ್ತದೆಂಬುದನ್ನು ಬಿಡಿಸಿ ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಮನುಷ್ಯನ ಮಿದುಳಿನಲ್ಲಿಯೂ ಈ ಗಡಿಯಾರವಿದೆ. ಸಂಜೆಯಾದ ಮೇಲೆ ಮೆಲಟೋನಿನ್ ಎಂಬ ರಸ ಒಸರುವಂತೆ ಮಾಡಿ, ದೇಹಕ್ಕೆ ರಾತ್ರಿಯಾಯಿತೆಂದು ಅದು ತಿಳಿಸುತ್ತದೆ. ಇದರ ಒಂದು ಸುತ್ತು 24 ಗಂಟೆಗಿಂತ ತುಸು ಹೆಚ್ಚು. ಆದುದರಿಂದ ಪ್ರತಿದಿನವೂ ಬೆಳಗಿನ ಬೆಳಕು ಅದನ್ನು ಸರಿಪಡಿಸುತ್ತಿರಬೇಕು.

ಹರೆಯ ಬಂದಾಗ ಈ ಗಡಿಯಾರ ತಾನಾಗಿಯೇ ಹಿಂದೆ ಬೀಳುತ್ತದೆ. ಸುಮಾರು 20 ವರ್ಷದವರೆಗೆ ಹೀಗೆ ನಡೆದು, ಆಮೇಲೆ ಮೆಲ್ಲನೆ ಸರಿಯಾಗುತ್ತ ಬರುತ್ತದೆ. ಕೆಲವರಲ್ಲಿ ಮಾತ್ರ ಇದು ಎರಡು ಮೂರು ಗಂಟೆಗಿಂತಲೂ ಹೆಚ್ಚು ಹಿಂದೆ ಬಿದ್ದು ಅಲ್ಲಿಯೇ ನಿಂತುಬಿಡುತ್ತದೆ. 1981ರಲ್ಲಿ ಅಮೆರಿಕದ ವೈದ್ಯರು ಇದನ್ನು ಬೇರೆಯೇ ಒಂದು ತೊಂದರೆಯೆಂದು ಗುರುತಿಸಿದರು. ಇದನ್ನು ಪತ್ತೆ ಮಾಡುವುದು ಸುಲಭ. ರಜೆಯಲ್ಲಿ ಬಿಟ್ಟರೆ ಇಂಥ ಹುಡುಗ 2 ಗಂಟೆಗೆ ಮಲಗಿ 10 ಗಂಟೆಗೆ ಏಳುತ್ತಾನೆ, ಎದ್ದಾಗ ಲವಲವಿಕೆಯಿಂದ ಇರುತ್ತಾನೆ. ನಿದ್ದೆಯಲ್ಲಿ ದೋಷವಿಲ್ಲ, ನಿದ್ದೆಯ ಹೊತ್ತಿನಲ್ಲಿ ದೋಷ. ಹೆಣ್ಣುಮಕ್ಕಳಲ್ಲಿಯೂ ಇದು ಉಂಟು.

ಸೇವಂತಿಗೆಯ ಪಾಠ

ಸೇವಂತಿಗೆ ಬೆಳೆಯುವವರಿಗೆ ಒಂದು ಉಪಾಯ ಗೊತ್ತು. ರಾತ್ರಿ ದೀರ್ಘವಾದಾಗ ಹೂ ಬಿಡುವ ಗಿಡ ಅದು. ಹೂವನ್ನು ತಡ ಮಾಡಬೇಕಾದರೆ ಸಾಲಿನ ಮೇಲೆ ಬಲ್ಬು ತೂಗುಹಾಕಿ ರಾತ್ರಿ ಬೆಳಕು ಕೊಡುತ್ತಾರೆ. ರಾತ್ರಿ ಗಿಡ್ಡದೆಂದು ಗಿಡ ಮೋಸಹೋಗುತ್ತದೆ. ಗಿಡದೊಳಗಿನ ಕ್ರಿಯೆ ಬೇರೆ, ನಮ್ಮದು ಬೇರೆ. ಆದರೂ ಪಾಠ ಒಂದೇ. ರಾತ್ರಿಯ ಬೆಳಕು ಗಡಿಯಾರವನ್ನು ಹಿಂದೆ ತಳ್ಳುತ್ತದೆ. ಹಾಸಿಗೆಯಲ್ಲಿ ಮುಖದ ಹತ್ತಿರ ಹಿಡಿದ ಮೊಬೈಲು ಹುಡುಗನ ಪಾಲಿಗೆ ಆ ತೋಟದ ಬಲ್ಬಿದ್ದಂತೆ. ಅದರಲ್ಲಿ ಬರುವ ಆಟ, ಚಿತ್ರಗಳು ಮನಸ್ಸನ್ನೂ ಎಚ್ಚರವಾಗಿಡುತ್ತವೆ.

ಇನ್ನೊಂದು ತಪ್ಪನ್ನು ಹಿರಿಯರು ತಿಳಿಯದೆ ಮಾಡುತ್ತಾರೆ. 10 ಗಂಟೆಗೆ ಏಳುವವನಿಗೆ ಬೆಳಗಿನ ಜಾವ 4:30 ಅಂದರೆ ದೇಹದ ಲೆಕ್ಕದಲ್ಲಿ ನಡುರಾತ್ರಿ. ಆಗ ದೀಪ ಹಾಕಿ ಎಬ್ಬಿಸಿ ಕೂರಿಸಿದರೆ ಗಡಿಯಾರ ಇನ್ನೂ ಹಿಂದೆ ಸರಿಯಬಹುದು. ಆದುದರಿಂದ ಒಂದೇ ಸಲಕ್ಕೆ ಎಳೆಯಬಾರದು.

ತಿದ್ದುವ ಕ್ರಮ

1. ಮೊದಲು ಎರಡು ವಾರ ಮಲಗಿದ ಹೊತ್ತು, ಎದ್ದ ಹೊತ್ತು ಬರೆದಿಡಿ. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕುವುದಿಲ್ಲವಷ್ಟೆ.

2. ಅವನು ತಾನಾಗಿ ಏಳುವ ಹೊತ್ತಿನಿಂದ ಪ್ರಾರಂಭಿಸಿ, ಎರಡು ಮೂರು ದಿನಕ್ಕೊಮ್ಮೆ 15 ರಿಂದ 30 ನಿಮಿಷ ಬೇಗ ಎಬ್ಬಿಸುತ್ತ ಬನ್ನಿ. ಇದಕ್ಕೆ ಕಾಲೇಜಿನ ರಜೆಯ ದಿನಗಳು ಒಳ್ಳೆಯವು.

3. ಎದ್ದ ಕೂಡಲೇ ಅರ್ಧ ಗಂಟೆಯಿಂದ ಒಂದು ಗಂಟೆ ಬಯಲಿನ ಬೆಳಕಿನಲ್ಲಿರಬೇಕು. ದನಕ್ಕೆ ಹುಲ್ಲು ಕೊಯ್ಯಲಿ, ತೋಟ ಸುತ್ತಿ ಬರಲಿ. ಮೋಡ ಕವಿದ ದಿನವೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಹಲವು ಪಟ್ಟು ಹೆಚ್ಚು. ಎಲ್ಲಕ್ಕಿಂತ ಮುಖ್ಯವಾದ ಔಷಧ ಇದೇ. ಕಾಸಿನ ಖರ್ಚೂ ಇಲ್ಲ.

4. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲೇ ಮನೆಯ ದೀಪ ಕಡಿಮೆ ಮಾಡಿ. ಮೊಬೈಲುಗಳೆಲ್ಲ ಒಂದೇ ಗೂಡಿನಲ್ಲಿರಲಿ. ಅಪ್ಪನ ಮೊಬೈಲೂ ಅಲ್ಲಿಯೇ ಇದ್ದರೆ ಮಗ ಮಾತು ಕೇಳುತ್ತಾನೆ.

5. ಮಧ್ಯಾಹ್ನ 2 ಗಂಟೆಯ ಮೇಲೆ ಕಾಫಿ, ಟೀ ಬೇಡ. ಸಂಜೆ ನಿದ್ದೆ ಬೇಡ. ರಾತ್ರಿಯೂಟ ಬೇಗ ಮುಗಿಯಲಿ.

6. ನಿದ್ದೆ ಬಾರದಾಗ ಹಾಸಿಗೆಯಲ್ಲಿ ಹೊರಳಾಡುತ್ತ ಮಲಗಬಾರದು. ಎದ್ದು ಮಂದ ಬೆಳಕಿನಲ್ಲಿ ಸುಮ್ಮನೆ ಕುಳಿತಿದ್ದು, ಕಣ್ಣು ಎಳೆದಾಗ ಮಲಗಲಿ.

7. ಭಾನುವಾರವೂ ಅದೇ ಹೊತ್ತಿಗೆ ಏಳಬೇಕು. ವಾರವೆಲ್ಲ ತಿದ್ದಿದ್ದನ್ನು ಎರಡು ದಿನದ ತಡ ಕೆಡಿಸುತ್ತದೆ.

ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟು ಬರುವ ಊರುಗಳಲ್ಲಿ ನೀರು ಹಾಯಿಸುವ ಪಾಳಿ ಬಹುಮಟ್ಟಿಗೆ ಹುಡುಗರ ಮೇಲೆಯೇ ಬೀಳುತ್ತದೆ. ಗಡಿಯಾರ ತಿದ್ದುವ ಈ ಕೆಲವು ವಾರಗಳ ಮಟ್ಟಿಗಾದರೂ ಅವನನ್ನು ಆ ಪಾಳಿಯಿಂದ ಬಿಡಿಸಿ. 17 ವರ್ಷದವನಿಗೆ 8 ರಿಂದ 10 ಗಂಟೆ, 18 ದಾಟಿದವನಿಗೆ 7 ರಿಂದ 9 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟವನ ಕೈಗೆ ಟ್ರ್ಯಾಕ್ಟರು, ಬೈಕು ಕೊಡಬೇಡಿ. ಇದನ್ನು ನಾನು ಹಳ್ಳಕ್ಕೆ ಬಿದ್ದು ಕಲಿತೆ.

ವೈದ್ಯರ ಬಳಿಗೆ ಯಾವಾಗ?

ಇಷ್ಟೆಲ್ಲ ಮಾಡಿಯೂ ಮೂರು ತಿಂಗಳವರೆಗೆ ಸರಿಹೋಗದಿದ್ದರೆ, ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ, ಹುಡುಗ ಮಂಕಾಗಿ ಊಟ, ಗೆಳೆಯರು ಯಾವುದೂ ಬೇಡವೆನ್ನುತ್ತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಣ ಕೊಡದೆ ಕರೆ ಮಾಡಬಹುದು. ಅಂಗಡಿಯಿಂದ ನಿದ್ದೆ ಮಾತ್ರೆ ತಂದು ನುಂಗಿಸಬೇಡಿ. ಮೆಲಟೋನಿನ್ ಮಾತ್ರೆಯನ್ನೂ ತಪ್ಪು ಹೊತ್ತಿನಲ್ಲಿ ಕೊಟ್ಟರೆ ಉಪಯೋಗವಿಲ್ಲ. ವೈದ್ಯರು ಹೇಳಿದ ಹೊತ್ತಿಗೇ ಕೊಡಬೇಕು.

ಆ ಹಿರಿಯರು ಮಗನ ಓದು ಬಿಡಿಸಲಿಲ್ಲ. ದಸರಾ ರಜೆಯಲ್ಲಿ ಈ ಕ್ರಮ ಹಿಡಿದರು. ಐದಾರು ವಾರದಲ್ಲಿ ಹುಡುಗ 11 ಗಂಟೆಗೆ ಮಲಗಿ 6:30ಕ್ಕೆ ಏಳುವಂತಾದ. ಅವನ ವಯಸ್ಸಿಗೆ ಇಷ್ಟು ನಿದ್ದೆ ಇನ್ನೂ ಸಾಲದು. ಮಲಗುವ ಹೊತ್ತು ಮತ್ತೂ ಅರ್ಧ ಗಂಟೆ ಮುಂಚೆ ಬರಬೇಕು. ಡೈರಿಯ ಹಾಲು ಈಗಲೂ ಅಪ್ಪನ ಪಾಲಿಗೇ ಇದೆ, ಬಸ್ಸು ಮಾತ್ರ ತಪ್ಪುತ್ತಿಲ್ಲ. ಊರ ಜಾತ್ರೆಯಲ್ಲಿ ರಾತ್ರಿಯೆಲ್ಲ ನಾಟಕ ನೋಡಿ ಮತ್ತೆ ಹಳೆಯ ದಾರಿಗೆ ಬಿದ್ದಿದ್ದ. ತಾನೇ ಮತ್ತೆ ಮೊದಲಿನಿಂದ ಪ್ರಾರಂಭಿಸಿದ. ಮೊನ್ನೆ ಅವರ ಮನೆಗೆ ಹೋದಾಗ ಅಪ್ಪ ಮಗ ಒಟ್ಟಿಗೆ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು.

ಬಾಂಧವರೇ, ಮೊಳಕೆ ತಡವಾಯಿತೆಂದು ಬೀಜವನ್ನು ಯಾರೂ ಬೈಯುವುದಿಲ್ಲ, ಹದ ನೋಡುತ್ತೇವೆ. ಮನೆಯ ಮಕ್ಕಳ ವಿಷಯದಲ್ಲಿಯೂ ಹಾಗೆಯೇ ನಡೆದುಕೊಳ್ಳೋಣ. ನಾಳೆ ಬೆಳಿಗ್ಗೆ ಮಗನನ್ನು ಬೈಯುವ ಬದಲು, ಅವನ ಕೈ ಹಿಡಿದು ತೋಟದ ಬೆಳಕಿಗೆ ಕರೆದುಕೊಂಡು ಹೋಗಿರಿ.