ಕಲಿಸುವ ಮುನ್ನ ಒಮ್ಮೆ ಮರೆತು ನೋಡು

ಮಗಳೇ, ಉತ್ತಮಪಾಳಯದ ಡಯಟ್ ಆಗಲಿ, ಒಡ್ಡನ್‌ಛತ್ರದ ಡಯಟ್ ಆಗಲಿ, ಶಿಕ್ಷಕರ ತರಬೇತಿ ಮುಗಿಸಿ ಬಂದಾಗ ನಿನ್ನ ಮುಂದೆ ಕೂರುವವು ಆರೇಳು ವರ್ಷದ ಮಕ್ಕಳು. ಅವಕ್ಕೆ ಬಿಡಿ, ಹತ್ತು, ನೂರು ಹೇಳಿಕೊಡುವುದು ಯಾವ ಮಹಾ ಕೆಲಸ ಅಂದುಕೊಂಡಿದ್ದರೆ ಮೊದಲ ತೊಡಕು ಅಲ್ಲೇ ಇದೆ. ನಿನಗದು ಎಷ್ಟು ರೂಢಿಯಾಗಿದೆ ಎಂದರೆ, ಗೊತ್ತಿಲ್ಲದವರ ಪಾಡು ಏನೆಂಬುದೇ ಮರೆತುಹೋಗಿದೆ.

ಅದಕ್ಕೊಂದು ಮದ್ದು ಹೇಳುತ್ತೇನೆ. ಹತ್ತರ ಕಟ್ಟು ಬಿಟ್ಟು ಐದರ ಕಟ್ಟಿನಲ್ಲಿ ಎಣಿಸು. 0ರಿಂದ 4ರವರೆಗಿನ ಅಂಕಿ ಮಾತ್ರ ನಿನ್ನ ಕೈಲಿವೆ. 4 ಆದ ಮೇಲೆ ಒಂದು ಕಟ್ಟು ಕಟ್ಟಿ 10 ಎಂದು ಬರೆ. 14 ಆದ ಮೇಲೆ 20. 44 ಆದ ಮೇಲೆ? ಪೆನ್ನು ನಿಲ್ಲುತ್ತದೆ. ಐದು ಕಟ್ಟು ಸೇರಿ ಒಂದು ದೊಡ್ಡ ಕಟ್ಟಾಯಿತು, 100 ಬರೆಯಬೇಕು. ಈಗ ಆ 100ರಲ್ಲಿ 1 ಕಳೆ. 44 ಎನ್ನುವಷ್ಟರಲ್ಲಿ ಬೆರಳು ಮಡಚಿರುತ್ತೀಯ, ಬಾಯಲ್ಲಿ ಗುಣುಗಿರುತ್ತೀಯ. ಎರಡನೇ ತರಗತಿಯ ಮಗು ದಿನಾ ಒದ್ದಾಡುವುದು ಅಲ್ಲೇ.

ನೂರಾ ನಾಲ್ಕು ಬರೆ ಎಂದರೆ ಮಗು 1004 ಬರೆಯುತ್ತದೆ. ಅದು ದಡ್ಡತನವಲ್ಲ, ಕೇಳಿದ್ದನ್ನು ಕೇಳಿದಂತೆ ಬರೆದಿದೆ. ಹಳೆಯ ತಮಿಳು ಬರಹದಲ್ಲಿ ಹತ್ತಕ್ಕೆ, ನೂರಕ್ಕೆ, ಸಾವಿರಕ್ಕೆ ಬೇರೆ ಬೇರೆ ಗುರುತುಗಳಿದ್ದವು. ಇಪ್ಪತ್ತಮೂರನ್ನು ಎರಡು, ಹತ್ತು, ಮೂರು ಎಂದು ಸಾಲಾಗಿ ಬರೆಯುತ್ತಿದ್ದರು. ಸೊನ್ನೆಯ ಹಂಗೇ ಇರಲಿಲ್ಲ. ದೊಡ್ಡವರೇ ಹಾಗೆ ಲೆಕ್ಕ ಇಟ್ಟ ನಾಡಿನಲ್ಲಿ, ಖಾಲಿ ಜಾಗವನ್ನು ಸೊನ್ನೆ ಕಾಯುತ್ತದೆ ಎಂಬುದು ಮಗುವಿಗೆ ಒಂದೇ ಪೀರಿಯಡ್‌ನಲ್ಲಿ ಹೊಳೆಯಬೇಕೇ?

ಕಟ್ಟು ಕಟ್ಟುವ ಕೆಲಸ ಮಗುವಿನದೇ ಆಗಲಿ. ತಮಿಳುನಾಡಿನಲ್ಲಿ 2022ರಲ್ಲಿ ಶುರುವಾದ ‘ಎಣ್ಣುಂ ಎಳುತ್ತುಂ’ (ಎಣಿಕೆಯೂ ಅಕ್ಷರವೂ) ಯೋಜನೆಯಿಂದಾಗಿ 1ರಿಂದ 3ನೇ ತರಗತಿಗಳಲ್ಲಿ ಚಟುವಟಿಕೆಗೆ ಜಾಗ ಸಿಕ್ಕಿದೆ. ಸಾಮಗ್ರಿ ಸಾಲದಿದ್ದರೆ ಕಂಬಂ ಕಣಿವೆಯಲ್ಲಿ ತೆಂಗಿನ ಗರಿಯ ಕಡ್ಡಿಗೂ ಬಾಳೆನಾರಿಗೂ ಬರವಿಲ್ಲ. ಹತ್ತು ಕಡ್ಡಿ ಎಣಿಸಿ ಕಟ್ಟಲಿ, ಬೇಕೆಂದಾಗ ಬಿಚ್ಚಲಿ. ಹತ್ತು ರೂಪಾಯಿ ನೋಟನ್ನು ಮಾತ್ರ ಆಮೇಲೆ ತಾ. ನೋಟು ಬಿಚ್ಚಿದರೆ ಒಳಗೆ ಹತ್ತು ಕಾಣುವುದಿಲ್ಲ.

ಕಲಿತಿತೋ ಇಲ್ಲವೋ ತಿಳಿಯಲು ಕಾನ್‌ಸ್ಟನ್ಸ್ ಕಮೀ ಎಂಬ ಶಿಕ್ಷಣತಜ್ಞೆ ಮಾಡುತ್ತಿದ್ದ ಪರೀಕ್ಷೆಯೇ ಸಾಕು. ಮಗುವಿಗೆ 16 ಕಡ್ಡಿ ಎಣಿಸಿಡಲು ಹೇಳು. ಬರೆದ 16ರಲ್ಲಿ 6ನ್ನು ತೋರಿಸಿ, ಇದು ಎಷ್ಟು ಎನ್ನು. ಆರು ಕಡ್ಡಿ ತೋರಿಸುತ್ತದೆ. 1ನ್ನು ತೋರಿಸಿ ಕೇಳು. ಎಷ್ಟೋ ಮಕ್ಕಳು ಒಂದೇ ಕಡ್ಡಿ ಎತ್ತುತ್ತಾರೆ. ‘ಸ್ಥಾನಬೆಲೆ 10, ಮುಖಬೆಲೆ 1’ ಎಂದು ಬರೆದು ಪೂರ್ತಿ ಅಂಕ ಪಡೆದ ಮಗುವೂ ಹಾಗೆ ಎತ್ತೀತು. ಉಳಿದ ಒಂಬತ್ತು ಕಡ್ಡಿ ಎಲ್ಲಿ ಹೋದವು ಎಂದು ಕೇಳಿ ಸುಮ್ಮನಿರು.

ಕಳೆಯುವಾಗ ‘ಪಕ್ಕದ ಮನೆಯಿಂದ ಸಾಲ ತಗೋ’ ಅನ್ನಬೇಡ. ತೀರಿಸಬೇಕಿಲ್ಲದ ಸಾಲ ಎಲ್ಲಿದೆ? 302ರಲ್ಲಿ 178 ಕಳೆಯಲು ಒಂದು ನೂರನ್ನು ಬಿಚ್ಚಬೇಕು: 2 ನೂರು, 9 ಹತ್ತು, 12 ಬಿಡಿ. ಮೊತ್ತ ಬದಲಾಗಲಿಲ್ಲ, ಕಟ್ಟು ಬದಲಾಯಿತು. ಗಣಿತ ಶಿಕ್ಷಣದ ಸಂಶೋಧಕಿ ಲೀಪಿಂಗ್ ಮಾ 1999ರ ತಮ್ಮ ಪುಸ್ತಕದಲ್ಲಿ ಅಮೆರಿಕದ 23, ಚೀನಾದ 72 ಶಿಕ್ಷಕರನ್ನು ಹೋಲಿಸಿದ್ದಾರೆ. ಚೀನಾದ ಹಲವರು ಸಾಲದ ಮಾತೆತ್ತದೆ ಬಿಚ್ಚುವ ಮಾತಾಡಿದ್ದರು.

ದಿಂಡಿಗಲ್, ತೇನಿ ಕಡೆ ಒಕ್ಕಲಿಗರ, ಅನುಪ್ಪರ ಮನೆಗಳ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಆಡುತ್ತವೆ. ಅದರಿಂದ ಲೆಕ್ಕ ಕೆಡುತ್ತದೆ ಎಂದು ಯಾರಾದರೂ ಅಂದರೆ ನಂಬಬೇಡ. ಇಪ್ಪತ್ತಮೂರು ಅನ್ನಲಿ, ಇರುಬತ್ತಿಮೂಣು ಅನ್ನಲಿ, ಹತ್ತು ಮೊದಲು, ಬಿಡಿ ಆಮೇಲೆ. ಬರೆಯುವ ಕ್ರಮವೂ ಅದೇ. ತೊಡಕಿರುವುದು ಬಿಡಿಯನ್ನು ಮುಂದಿಡುವ ಇಂಗ್ಲಿಷಿನ ‘ಫಿಫ್ಟೀನ್’ನಲ್ಲಿ, ಅದನ್ನು ಕೇಳಿ 51 ಬರೆಯುವ ಮಕ್ಕಳಿದ್ದಾರೆ. ಮನೆಮಾತಿನಲ್ಲಿ ಎಣಿಸಿದರೆ ಎಣಿಸಲಿ ಬಿಡು.

ಪಾಠಯೋಜನೆಯಲ್ಲಿ ವ್ಯಾಖ್ಯೆ ಕೊನೆಗೆ ಬರಲಿ. ತಪ್ಪು ಕಂಡ ಕೂಡಲೇ ಕೆಂಪು ಪೆನ್ನಿಗೆ ಕೈಹಾಕದೆ, ಕಡ್ಡಿ ಕೊಟ್ಟು ‘ಇದು ಹೇಗೆ ಬಂತು, ಮಾಡಿ ತೋರಿಸು’ ಎನ್ನು. ಮಗು ತಾನೇ ತಿದ್ದಿಕೊಂಡರೆ ನಿನ್ನ ಪಾಠ ಮುಟ್ಟಿದೆ. ಇಲ್ಲದಿದ್ದರೆ ಇನ್ನೆರಡು ದಿನ ಕಟ್ಟಿ ಬಿಚ್ಚಲಿ. ಸಿಲಬಸ್ ಎಲ್ಲಿಗೂ ಓಡಿಹೋಗುವುದಿಲ್ಲ.