ಕೊಯ್ಲು ಮುಗಿದ ಮೇಲೆ ತೋಟದ ಲೆಕ್ಕ



ಅಡಿಕೆಯ ಕೊನೆ ಇಳಿದಿದೆ, ಕಾಫಿ ಕಣ ಖಾಲಿಯಾಗಿದೆ. ಎಕರೆಗೆ ಇಷ್ಟು ಕ್ವಿಂಟಾಲ್ ಎಂದು ಸರಾಸರಿ ಹಾಕಿ ನಮ್ಮಲ್ಲಿ ಹೆಚ್ಚಿನವರು ಪುಸ್ತಕ ಮುಚ್ಚುತ್ತೇವೆ. ಆದರೆ ಬರುವ ವರ್ಷ ಎಲ್ಲಿ, ಯಾವ ಸಸಿ ನೆಡಬೇಕೆಂಬುದನ್ನು ಸರಾಸರಿ ಹೇಳುವುದಿಲ್ಲ, ಮರವೇ ಹೇಳಬೇಕು.

9 ಅಡಿ ಅಂತರದ ಅಡಿಕೆ ತೋಟದಲ್ಲಿ ಎಕರೆಗೆ ಸುಮಾರು 540 ಮರಗಳಿರುತ್ತವೆ. 60 ಮರ ಫಸಲು ಕೊಡದಿದ್ದರೆ ನಾವು ಹಾಕುವ ಗೊಬ್ಬರದಲ್ಲಿ ಒಂಬತ್ತನೆಯ ಒಂದು ಪಾಲು ವ್ಯರ್ಥ. ಆದ್ದರಿಂದ ಕೊನೆಗಾರನ ಜೊತೆ ತೋಟ ಸುತ್ತಿ, ಒಳ್ಳೆಯ ಮರಕ್ಕೆ ಸುಣ್ಣದ ಒಂದು ಪಟ್ಟೆ, ಬಡಮರಕ್ಕೆ ಎರಡು ಪಟ್ಟೆ ಎಳೆಯೋಣ. ಒಂದೇ ವರ್ಷದ ಸೋಲಿಗೆ ಮರ ಕಡಿಯುವುದು ಬೇಡ. ಕೊಳೆರೋಗ ಬಂದಿತ್ತೇ, ಬಸಿಗಾಲುವೆ ಮುಚ್ಚಿದೆಯೇ, ಬೇಸಿಗೆಯಲ್ಲಿ ನೀರು ತಪ್ಪಿತ್ತೇ ಎಂದು ಮೊದಲು ನೋಡಬೇಕು. ಮೂರು ವರ್ಷ ಎರಡು ಪಟ್ಟೆಯೇ ಉಳಿದರೆ ಆ ಜಾಗಕ್ಕೆ ಹೊಸ ಸಸಿ ಬೇಕು.

ನಾವೂ ಹಿಂದೊಮ್ಮೆ ತೆರವು ತುಂಬುವ ಅವಸರದಲ್ಲಿ ಮೂಲ ತಿಳಿಯದ ಸಸಿ ತಂದು ನೆಟ್ಟೆವು. ತಪ್ಪು ತಿಳಿದದ್ದು ಏಳನೆಯ ವರ್ಷ. ಸಸಿಯ ಹಣ ಸಣ್ಣದು, ಕಳೆದ ಏಳು ವರ್ಷ ದೊಡ್ಡದು.

ಬೀಜದ ಮರ ಹತ್ತು ವರ್ಷ ದಾಟಿರಲಿ, ಗೆಣ್ಣುಗಳು ಒತ್ತಾಗಿರಲಿ, ತಲೆಯಲ್ಲಿ ಸೋಗೆ ಹೆಚ್ಚಿರಲಿ, ಕಾಯಿ ಚೆನ್ನಾಗಿ ಕಚ್ಚುತ್ತಿರಲಿ. ಹಳದಿ ಎಲೆ ರೋಗವಿರುವ ತೋಟದ ಬೀಜ ಬೇಡ. ಪೂರ್ತಿ ಹಣ್ಣಾದ, ತೂಕದ ಗೋಟುಗಳನ್ನು ನೀರಿಗೆ ಹಾಕಿ, ತೊಟ್ಟು ಮೇಲಾಗಿ ನೆಟ್ಟಗೆ ತೇಲುವವನ್ನು ಆರಿಸಬೇಕು. ಸಸಿ ನೆಡಲು 12ರಿಂದ 18 ತಿಂಗಳು ಬೇಕು. ಅಂದರೆ ಮುಂದಿನ ವರ್ಷದ ಮಳೆಗಾಲದ ಸಸಿಗೆ ಬೀಜ ಬೀಳಬೇಕಾದದ್ದು ಈಗಲೇ. ವಿಟ್ಲದ ಸಂಶೋಧನಾ ಕೇಂದ್ರದಿಂದ 1972ರಲ್ಲಿ ಬಿಡುಗಡೆಯಾದ ‘ಮಂಗಳ’ದಂಥ ತಳಿ ಬೇಕಾದವರು ನಂಬಿಕೆಯ ಮೂಲದಿಂದಲೇ ತರಬೇಕು.

ನೀರು ಬಸಿಯುವ ಮಣ್ಣಿನಲ್ಲಿ ಮೇ-ಜೂನ್, ಜೇಡಿಮಣ್ಣಿನಲ್ಲಿ ಆಗಸ್ಟ್-ಸೆಪ್ಟೆಂಬರ್ ನೆಡುವ ಕಾಲ. ಐದು ಎಲೆಯಾದರೂ ಇಲ್ಲದ ಸಸಿಯನ್ನು ಮಡಿಯಲ್ಲೇ ಬಿಡಿ.

ಅರೇಬಿಕಾ ಬೆಳೆದವರಿಗೆ ಇನ್ನೊಂದು ಕೆಲಸವಿದೆ. ಎಲೆ ಹಳದಿಯಾಗಿ, ಕಾಂಡದ ಮೇಲೆ ಉಬ್ಬುಗೆರೆ ಕಂಡರೆ ಅದು ಬಿಳಿ ಕಾಂಡಕೊರಕದ ಗುರುತು. ಏಪ್ರಿಲ್‌ನಲ್ಲಿ ದುಂಬಿ ಹೊರಬೀಳುವ ಮೊದಲು, ಮಾರ್ಚ್ ಒಳಗೆ ಅಂಥ ಗಿಡ ಕಿತ್ತು ಸುಡಬೇಕು. ಸೌದೆಗೆಂದು ಒಟ್ಟಿದರೆ ಹುಳುವನ್ನು ಸಾಕಿದಂತೆ. ನೆರಳು ತೆಳುವಾದ ಕಡೆ ಮೊದಲು ನೆರಳಿನ ಮರ, ಆಮೇಲೆ ಕಾಫಿ ಗಿಡ.

ಪಟ್ಟೆಗಳ ಎಣಿಕೆಯನ್ನು ಸಾಲುವಾರು ಬರೆದಿಟ್ಟುಕೊಳ್ಳಿ. ಎಷ್ಟು ಸಸಿ ಬೇಕೆಂಬುದು ಆ ಪುಟದಲ್ಲೇ ಸಿಗುತ್ತದೆ.