ಗೇರ್ ಬೀಳ್ತಿಲ್ವಾ? ಎಂಜಿನ್ ಆಫ್ ಮಾಡಿ ನೋಡಿ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಮೂವರು ದೊಡ್ಡಬಳ್ಳಾಪುರದ ಹತ್ತಿರ ಇರುವ ಗೆಳೆಯನ ಊರಿಗೆ ಹೋಗಿದ್ವಿ. ಅವನ ಅಪ್ಪನದು ಒಂದು ಹಳೇ ಪಿಕಪ್. ರಾತ್ರಿ ಸೊಪ್ಪು ಲೋಡ್ ಮಾಡಿಕೊಂಡು, ರಾಜಾನುಕುಂಟೆ, ಯಲಹಂಕ ದಾಟಿ, ಬೆಳಗಾಗೋದ್ರೊಳಗೆ ಕೆ.ಆರ್. ಮಾರ್ಕೆಟ್ ಮುಟ್ಟಬೇಕು. ಆ ಗಾಡಿಗೆ ಒಂದು ವಾರದಿಂದ ಫಸ್ಟ್ ಗೇರ್ ಬೀಳ್ತಿರಲಿಲ್ಲ. ರಿವರ್ಸ್‌ಗೆ ಹಾಕಿದ್ರೆ ‘ಕರ್ರ್’ ಅಂತ ಸದ್ದು. ಯಾರೋ ಮೆಕ್ಯಾನಿಕ್ ನೋಡಿ, “ಗೇರ್‌ಬಾಕ್ಸ್ ಇಳಿಸಬೇಕು, ಹದಿನೆಂಟು ಸಾವಿರ ಇಟ್ಕೊಳ್ಳಿ” ಅಂದಿದ್ರಂತೆ. ಅಂಕಲ್ ಆಗಲೇ ಸಾಲಕ್ಕೆ ಓಡಾಡ್ತಿದ್ರು.

“ನೀವು ಮೆಕ್ಯಾನಿಕಲ್ ಓದ್ತಿದ್ದೀರಲ್ಲ, ಒಂದ್ಸಲ ನೋಡ್ರಪ್ಪ” ಅಂದ್ರು. ನಿಜ ಹೇಳಬೇಕಂದ್ರೆ, ನಾವು ಅಲ್ಲಿವರೆಗೆ ಗೇರ್‌ಬಾಕ್ಸ್ ನೋಡಿದ್ದು ಲ್ಯಾಬಿನಲ್ಲಿ ಕೊರೆದಿಟ್ಟ ಮಾಡೆಲ್‌ನಲ್ಲಿ ಮಾತ್ರ. ಆದ್ರೂ ಗಂಭೀರವಾಗಿ “ಸಿಂಕ್ರೊನೈಸರ್ ಹೋಗಿರಬೇಕು ಅಂಕಲ್” ಅಂದುಬಿಟ್ವಿ. ಅಂದ್ರೆ ಆ ಮೆಕ್ಯಾನಿಕ್ ಹೇಳಿದ್ದನ್ನೇ ದೊಡ್ಡ ಪದದಲ್ಲಿ ಹೇಳಿದ್ವಿ, ಅಷ್ಟೇ.

ಸುಳಿವು ಸಿಕ್ಕಿದ್ದು ಅಂಕಲ್ ಮಾತಿನಲ್ಲಿ. “ಎಂಜಿನ್ ಆಫ್ ಇದ್ರೆ ಬೆಣ್ಣೆ ಹಂಗೆ ಬೀಳುತ್ತೆ ಕಣ್ರೋ. ಸಿಗ್ನಲ್‌ನಲ್ಲಿ ಆಫ್ ಮಾಡಿ, ಗೇರ್ ಹಾಕಿ, ಆಮೇಲೆ ಸ್ಟಾರ್ಟ್ ಮಾಡ್ತೀನಿ. ಗಾಡಿ ಒಂದ್ಸಲ ಮುಂದಕ್ಕೆ ಜಿಗಿಯುತ್ತೆ.” ಮುಂದೆ ಬೈಕಿನವನು ನಿಂತಿದ್ದರೆ ಏನು ಗತಿ ಅಂತ ಯೋಚಿಸಿ ನಮಗೆ ಭಯವಾಯ್ತು. ಆದ್ರೆ ಉತ್ತರವೂ ಆ ಮಾತಿನಲ್ಲೇ ಇತ್ತು.

ಗಾಡಿ ನಿಂತಿದ್ದಾಗ ಚಕ್ರದ ಕಡೆಯ ಶಾಫ್ಟ್ ನಿಂತಿರುತ್ತೆ. ಎಂಜಿನ್ ಮಾತ್ರ ಐಡಲ್‌ನಲ್ಲಿ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗ್ತಿರುತ್ತೆ. ಕ್ಲಚ್ ಒತ್ತಿದಾಗ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಎಂಜಿನ್‌ನಿಂದ ಪೂರ್ತಿ ಬಿಡಿಸಿಕೊಳ್ಳಬೇಕು. ಆಗ ಸಿಂಕ್ರೊನೈಸರ್ ತನ್ನ ಹಿತ್ತಾಳೆ ಉಂಗುರದ ಘರ್ಷಣೆಯಿಂದ ಎರಡೂ ಕಡೆಯ ವೇಗವನ್ನು ಸಮ ಮಾಡುತ್ತೆ, ಗೇರ್ ಕೂರುತ್ತೆ. ಕಾರಿಗೆ ಇದು ಮೊದಲು ಬಂದದ್ದು 1928ರಲ್ಲಿ, ಕ್ಯಾಡಿಲಾಕ್‌ನಲ್ಲಿ. ಅದಿಲ್ಲದ ಹಳೇ ಲಾರಿಗಳಲ್ಲಿ ಡ್ರೈವರ್‌ಗಳು ಡಬಲ್ ಕ್ಲಚ್ ಹೊಡೆದು ಆ ಕೆಲಸವನ್ನು ಕಾಲಿನಲ್ಲೇ ಮಾಡ್ತಿದ್ರು. ಆದ್ರೆ ಆ ಪುಟ್ಟ ಉಂಗುರಕ್ಕೆ ನಿಲ್ಲಿಸಲು ಆಗೋದು ಬರೀ ಶಾಫ್ಟ್ ಮತ್ತು ಕ್ಲಚ್ ಪ್ಲೇಟನ್ನು. ಕ್ಲಚ್ ಅರ್ಧ ಹಿಡಿದುಕೊಂಡೇ ಇದ್ದರೆ ಅದು ಇಡೀ ಎಂಜಿನ್ ಜೊತೆ ಕುಸ್ತಿ ಆಡಬೇಕು. ಸೋಲುತ್ತೆ. ಅನೇಕ ಗಾಡಿಗಳ ರಿವರ್ಸ್‌ಗೆ ಆ ಉಂಗುರವೂ ಇರಲ್ಲ, ಹಾಗಾಗಿ ಮೊದಲು ಕಿರುಚೋದು ಅದೇ.

ಹಾಗಾಗಿ ಪರೀಕ್ಷೆ ಸುಲಭ. ಎಂಜಿನ್ ಆಫ್ ಇದ್ದಾಗ ಎಲ್ಲಾ ಗೇರ್ ಸಲೀಸಾಗಿ ಬಿದ್ದು, ಆನ್ ಆದಾಗ ಬೀಳದಿದ್ದರೆ ಮೊದಲು ಕ್ಲಚ್ ಕಡೆ ನೋಡಿ. ಎರಡೂ ಸಲ ಬಿಗಿಯಾಗಿದ್ದರೆ ಗೇರ್ ಲಿವರ್‌ನ ಕೇಬಲ್, ಲಿಂಕ್, ಬುಷ್ ನೋಡಿ, ಆಮೇಲೆ ಗೇರ್ ಆಯಿಲ್. ಒಂದೇ ಒಂದು ಗೇರ್ ಮಾತ್ರ, ಅದೂ ಓಡುವಾಗ ಸದ್ದು ಮಾಡಿದ್ರೆ ಸಿಂಕ್ರೊನೈಸರ್ ಮೇಲೆ ಅನುಮಾನ ಪಡಬಹುದು. ಇನ್ನೊಂದು ಗೊಂದಲ: ಎಂಜಿನ್ ರೇಸ್ ಆಗಿಯೂ ಗಾಡಿ ಎಳೆಯದಿದ್ದರೆ ಅದು ಕ್ಲಚ್ ಜಾರೋದು, ನಂದಿ ಬೆಟ್ಟಕ್ಕೆ ಹಾಫ್ ಕ್ಲಚ್‌ನಲ್ಲೇ ಹತ್ತಿಸುವವರ ಕಾಯಿಲೆ. ನಮ್ಮದು ಅದರ ಉಲ್ಟಾ. ಇಂಗ್ಲಿಷ್‌ನಲ್ಲಿ ಡ್ರ್ಯಾಗ್ ಅಂತ ಓದಿದ್ವಿ. ಅಂಕಲ್ ಹೇಳಿದ್ದು “ಕ್ಲಚ್ ಬಿಡ್ತಿಲ್ಲ” ಅಂತ. ನಮ್ಮ ಟೆಕ್ಸ್ಟ್‌ಬುಕ್‌ಗಿಂತ ಅದೇ ಚೆನ್ನಾಗಿದೆ.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಆನ್ ಮಾಡಿ, ಕ್ಲಚ್ ಪೂರ್ತಿ ಒತ್ತಿ ಹತ್ತು ಸೆಕೆಂಡ್ ಕಾದು ರಿವರ್ಸ್ ಹಾಕಿದ್ವಿ. ಕರ್ರ್! ಆಮೇಲೆ ಪೆಡಲನ್ನು ಪಟಪಟ ಅಂತ ನಾಲ್ಕು ಸಲ ಒತ್ತಿ ಹಾಕಿದ್ವಿ. ಸದ್ದಿಲ್ಲದೆ ಬಿತ್ತು! ಆ ಗಾಡಿಯದು ಹೈಡ್ರಾಲಿಕ್ ಕ್ಲಚ್. ಪೈಪಿನಲ್ಲಿ ಗಾಳಿ ಸೇರಿದ್ರೆ, ಕಾಲು ಒತ್ತಿದಾಗ ಮೊದಲು ಗಾಳಿ ಕುಗ್ಗುತ್ತೆ, ದ್ರವ ಕುಗ್ಗಲ್ಲ. ಪೆಡಲ್ ನೆಲ ಮುಟ್ಟಿದ್ರೂ ಕೆಳಗಿನ ಸ್ಲೇವ್ ಸಿಲಿಂಡರ್ ಸಾಕಷ್ಟು ತಳ್ಳಲ್ಲ. ಪಂಪ್ ಮಾಡಿದ್ರೆ ಸ್ವಲ್ಪ ಹೊತ್ತು ಸರಿಯಾಗುತ್ತೆ, ಅಷ್ಟೇ.

ಡಬ್ಬಿ ನೋಡಿದ್ರೆ ಫ್ಲೂಯಿಡ್ ತಳ ಕಂಡಿತ್ತು. ಫ್ಲೂಯಿಡ್ ತಾನಾಗೇ ಖಾಲಿ ಆಗಲ್ಲ, ಎಲ್ಲೋ ಸೋರಿರಬೇಕು. ಕೆಳಗೆ ಮಲಗಿ ನೋಡಿದಾಗ ಸ್ಲೇವ್ ಸಿಲಿಂಡರ್‌ನ ರಬ್ಬರ್ ಬೂಟಿನೊಳಗೆಲ್ಲ ಒದ್ದೆ. ಬರೀ ಫ್ಲೂಯಿಡ್ ತುಂಬಿಸಿ ಕಳಿಸಿದ್ರೆ ಎರಡು ದಿನಕ್ಕೆ ಮತ್ತೆ ಅದೇ ಕಥೆ. ಆ ಬಿಚ್ಚುವ ಕೆಲಸ ನಾವು ಮಾಡಲಿಲ್ಲ. ಪೇಟೆಯ ಇನ್ನೊಬ್ಬ ಮೆಕ್ಯಾನಿಕ್ ಅಣ್ಣ ಸಿಲಿಂಡರ್ ತೆಗೆದು, ಒಳಗೆ ಗೀರು ಬಿದ್ದಿಲ್ಲ ಅಂತ ಉಗುರಿನಲ್ಲಿ ಸವರಿ ನೋಡಿ, ಸೀಲ್ ಕಿಟ್ ಹಾಕಿದ್ರು. ಏರ್ ತೆಗೆಯುವಾಗ ನಮಗೂ ಕೆಲಸ ಸಿಕ್ತು. ಒಬ್ಬ ಪೆಡಲ್ ಒತ್ತಿ ಹಿಡಿಯೋದು, ಅಣ್ಣ ಕೆಳಗೆ ನಿಪ್ಪಲ್ ಸಡಿಲಿಸಿ ಗುಳ್ಳೆ ಬಿಟ್ಟು ಮತ್ತೆ ಬಿಗಿ ಮಾಡೋದು, ಆಮೇಲೆ ಪೆಡಲ್ ಬಿಡೋದು. ಇನ್ನೊಬ್ಬ ಡಬ್ಬಿ ಖಾಲಿ ಆಗದಂತೆ ಡಾಟ್ 3 ಸುರಿಯೋದು. ಪೇಂಟ್ ಮೇಲೆ ಚೆಲ್ಲಿ ಬೈಸಿಕೊಂಡಿದ್ದೂ ಆಯ್ತು, ಅದು ಬಣ್ಣ ತಿನ್ನುತ್ತೆ.

ಸೀಲ್, ಫ್ಲೂಯಿಡ್, ಕೂಲಿ ಎಲ್ಲಾ ಸೇರಿ ಸಾವಿರ ರೂಪಾಯಿಯೂ ಆಗಲಿಲ್ಲ. ಅಂಕಲ್ ಎಂಜಿನ್ ಆನ್ ಇಟ್ಟುಕೊಂಡೇ ಫಸ್ಟ್, ರಿವರ್ಸ್, ಮತ್ತೆ ಫಸ್ಟ್ ಹಾಕಿ ನೋಡಿದ್ರು. ಏನೂ ಹೇಳಲಿಲ್ಲ. ಸಾಲ ಕೇಳಿದ್ದವರಿಗೆ ಫೋನ್ ಮಾಡಿ ಬೇಡ ಅಂದ್ರು. ಆ ರಾತ್ರಿ ಲೋಡ್ ಜೊತೆ ನಾವೂ ಹೊರಟ್ವಿ. ಯಲಹಂಕದ ಸಿಗ್ನಲ್‌ನಲ್ಲಿ ಅವರ ಕೈ ಅಭ್ಯಾಸಬಲದಿಂದ ಕೀ ಕಡೆಗೆ ಹೋಗಿ, ವಾಪಸ್ ಬಂತು.